ಹೆಸರು ರಾಜನದು, ಲಾಭ ಬಿಷಪರದು

ಕಳೆದ ತಿಂಗಳು ದ್ವಿತೀಯ ಪಿಯುಸಿ ಕಲಾ ವಿಭಾಗದ ತರಗತಿಯಲ್ಲಿ ದೆಹಲಿ ಸುಲ್ತಾನರ ಪಾಠ ನಡೆಯುತ್ತಿತ್ತು. ಸುಲ್ತಾನನ ಸಾರ್ವಭೌಮತ್ವಕ್ಕೆ ಎರಡು ಗುರುತುಗಳಿದ್ದವು ಎಂದು ವಿವರಿಸಿದೆ. ಒಂದು ಖುತ್ಬಾ, ಇನ್ನೊಂದು ಸಿಕ್ಕಾ. ಜುಮಾ ದಿನ ಖುತ್ಬಾದಲ್ಲಿ ಯಾರ ಹೆಸರು ಓದಲಾಗುತ್ತದೋ, ನಾಣ್ಯದ ಮೇಲೆ ಯಾರ ಹೆಸರು ಇರುತ್ತದೋ ಅವನೇ ದೊರೆ. ಇದನ್ನು ನೋಟ್ಸ್‌ನಲ್ಲಿ ಬರೆಸಿಯೂ ಬಿಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. “ಸರ್, ಯುರೋಪಿನಲ್ಲಿ ಬಿಷಪ್‌ಗಳೂ ನಾಣ್ಯ ಹೊಡೆಸ್ತಿದ್ರಂತೆ. ಹಾಗಾದ್ರೆ ಅವರೂ ದೊರೆಗಳಾ?”

ಬೆಲ್ ಹೊಡೆಯಲು ಮೂರೇ ನಿಮಿಷ ಉಳಿದಿತ್ತು. “ಅದೊಂದು ಅಪವಾದ, ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ” ಎಂದುಬಿಟ್ಟೆ.

ಪರೀಕ್ಷೆಗೆ ಬರುವುದಿಲ್ಲ ಎಂದದ್ದು ನಿಜ. ಅಪವಾದ ಎಂದದ್ದು ತಪ್ಪು. ಮಧ್ಯಯುಗದ ಯುರೋಪಿನಲ್ಲಿ, ಜರ್ಮನಿಯಿಂದ ಇಂಗ್ಲೆಂಡಿನವರೆಗೆ, ಬಿಷಪರ ಟಂಕಸಾಲೆ ಎಂಬುದು ಸಂತೆ, ಸುಂಕದ ಕಟ್ಟೆಗಳಷ್ಟೇ ಸಾಮಾನ್ಯವಾದ ಸಂಗತಿಯಾಗಿತ್ತು. ಆ ಹುಡುಗನಿಗೆ ತರಗತಿಯಲ್ಲಿ ಕೊಡದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ. ತುಸು ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ‘ಸಿಕ್ಕಾ’ ಎಂಬ ಪದದಿಂದಲೇ ಆರಂಭಿಸೋಣ. ನಾವು ಅದನ್ನು ನಾಣ್ಯ ಎಂಬ ಅರ್ಥದಲ್ಲಿ ಬಳಸುತ್ತೇವೆ. 1377ರಲ್ಲಿ ‘ಮುಕದ್ದಿಮಾ’ ಬರೆದ ಇಬ್ನ್ ಖಲ್ದೂನ್ ಈ ಪದದ ಮೂಲವನ್ನು ಬಿಡಿಸಿ ಹೇಳಿದ್ದಾರೆ. ಸಿಕ್ಕಾ ಎಂದರೆ ಮೊದಲಿಗೆ ಕಬ್ಬಿಣದ ಅಚ್ಚು. ಅದರ ಮೇಲೆ ಅಕ್ಷರ, ಚಿತ್ರಗಳನ್ನು ತಿರುವುಮುರುವಾಗಿ ಕೊರೆದಿರುತ್ತಾರೆ. ಬರಬರುತ್ತಾ ಆ ಅಚ್ಚಿನಿಂದ ಬೀಳುವ ಗುರುತಿಗೂ, ಕೊನೆಗೆ ಆ ಕೆಲಸ ನೋಡಿಕೊಳ್ಳುವ ಇಲಾಖೆಗೂ ಅದೇ ಹೆಸರು ಬಂತು. ಇಟಲಿಯವರು ಟಂಕಸಾಲೆಗೆ ‘ಜೆಕ್ಕಾ’ ಎನ್ನುವುದು ಈ ಅರಬ್ಬಿ ಪದದಿಂದಲೇ. ಕನ್ನಡದಲ್ಲೂ ಇಂಥದೇ ಒಂದು ತಮಾಷೆ ಇದೆ. ಈಗ ನಾವು ‘ಕಾವ್ಯ ಕಮ್ಮಟ’, ‘ರಂಗ ಕಮ್ಮಟ’ ಎನ್ನುತ್ತೇವಲ್ಲ, ಹಳೆಯ ಕನ್ನಡದಲ್ಲಿ ಕಮ್ಮಟ ಎಂದರೆ ಟಂಕಸಾಲೆ.

ಆ ಕಾಲದ ನಾಣ್ಯಗಳು ಈಗಿನಂತೆ ಯಂತ್ರದಿಂದ ಬರುತ್ತಿರಲಿಲ್ಲ. ಎರಡು ಅಚ್ಚುಗಳು ಬೇಕು. ಕೆಳಗಿನ ಅಚ್ಚಿಗೆ ಚೂಪಾದ ಬಾಲವಿದ್ದು, ಅದನ್ನು ಮರದ ದಿಮ್ಮಿಗೆ ಭದ್ರವಾಗಿ ಬಡಿದು ನಿಲ್ಲಿಸುತ್ತಾರೆ. ಅದರ ಮೇಲೆ ಬೆಳ್ಳಿಯ ತೆಳು ಬಿಲ್ಲೆ. ಬಿಲ್ಲೆಯ ಮೇಲೆ ಇನ್ನೊಂದು ಅಚ್ಚನ್ನು ಕೈಯಲ್ಲಿ ಹಿಡಿದು, ಅದರ ತಲೆಗೆ ಸುತ್ತಿಗೆಯ ಏಟು. ಒಂದೇ ಏಟಿಗೆ ಎರಡೂ ಬದಿ ಮೂಡಬೇಕು. ಕೈ ಸ್ವಲ್ಪ ಓರೆಯಾದರೆ ರಾಜನ ಕಿರೀಟ ಅರ್ಧ ಬಿಲ್ಲೆಯಾಚೆ ಹೋಗುತ್ತದೆ. ಎರಡನೆಯ ಏಟು ಹಾಕುವಾಗ ಬಿಲ್ಲೆ ಜರುಗಿದರೆ ಒಂದೇ ಮುಖಕ್ಕೆ ಎರಡು ಮೂಗು. ಹಾಗಾಗಿ ಸುತ್ತಿಗೆಯ ನಾಣ್ಯಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಪೆಟ್ಟು ನೇರವಾಗಿ ಬೀಳುವುದು ಮೇಲಿನ ಅಚ್ಚಿಗೆ, ಅದು ಬೇಗ ಸವೆದು ಬಿರುಕು ಬಿಡುತ್ತದೆ. ಆದ್ದರಿಂದ ಕೆಳಗಿನ ಒಂದು ಅಚ್ಚಿಗೆ ಮೇಲಿನವು ಎರಡು ಎಂಬ ಲೆಕ್ಕದಲ್ಲಿ ಮಾಡಿಸುವುದು ವಾಡಿಕೆ. ರಾಜನ ಮುಖ ಕೊರೆಯುವುದು ಕಷ್ಟದ ಕೆಲಸ. ಅದನ್ನು ಹೆಚ್ಚು ಬಾಳುವ ಕೆಳಗಿನ ಅಚ್ಚಿನಲ್ಲಿಡುತ್ತಿದ್ದರು. ಇಂಗ್ಲೆಂಡಿನಲ್ಲಿ ಈ ಪದ್ಧತಿ ಪೂರ್ತಿಯಾಗಿ ನಿಂತದ್ದು 1662ರಲ್ಲಿ, ಯಂತ್ರದ ನಾಣ್ಯಗಳು ಬಂದಾಗ.

ಇನ್ನು ಬಿಷಪರ ವಿಷಯ. ಎಲ್ಲ ದೇಶಗಳನ್ನೂ ಸುತ್ತುವ ಬದಲು ಇಂಗ್ಲೆಂಡನ್ನೇ ಹಿಡಿದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ರಾಜನೂ ಬಲಶಾಲಿ, ಬಿಷಪರೂ ಬಲಶಾಲಿ.

ಇಂಗ್ಲೆಂಡಿನ ಉತ್ತರದಲ್ಲಿ ಡರಮ್ ಎಂಬ ಪಟ್ಟಣವಿದೆ. ಸ್ಕಾಟ್ಲೆಂಡಿನ ಗಡಿಗೆ ಹತ್ತಿರ. ಅಲ್ಲಿಯ ಬಿಷಪ್ ಬರೀ ಧರ್ಮಗುರುವಲ್ಲ. ಆತನಿಗೆ ತನ್ನದೇ ನ್ಯಾಯಾಲಯವಿತ್ತು, ಗಡಿ ಕಾಯಲು ಸೈನ್ಯ ಕಟ್ಟುವ ಅಧಿಕಾರವಿತ್ತು, ತನ್ನದೇ ಟಂಕಸಾಲೆಯೂ ಇತ್ತು. ಒಂದನೆಯ ಎಡ್ವರ್ಡ್ 1279ರಲ್ಲಿ ದೇಶದ ನಾಣ್ಯಗಳನ್ನು ಹೊಸದಾಗಿ ಹೊಡೆಸಿದಾಗ ಡರಮ್, ಯಾರ್ಕ್, ಕ್ಯಾಂಟರ್ಬರಿ ಮೂರೂ ಕಡೆ ಧರ್ಮಗುರುಗಳಿಗೆ ಅದರಲ್ಲಿ ಪಾಲಿತ್ತು. ನಾಣ್ಯದ ಹೆಸರು ಪೆನ್ನಿ. ಶುದ್ಧ ಬೆಳ್ಳಿ ನೂರಕ್ಕೆ ತೊಂಬತ್ತೆರಡೂವರೆ ಪಾಲು, ತೂಕ ಸುಮಾರು 1.4 ಗ್ರಾಂ. ನಿಮ್ಮ ಜೇಬಿನಲ್ಲಿರುವ ಒಂದು ರೂಪಾಯಿಯ ಅರ್ಧ ತೂಕವೂ ಇಲ್ಲ. ಅಷ್ಟು ಚಿಕ್ಕದೆಂದು ಹಗುರವಾಗಿ ಕಾಣಬೇಡಿ. 14ನೇ ಶತಮಾನದ ಆರಂಭದಲ್ಲಿ ಕೂಲಿಯಾಳು ಇಡೀ ದಿನ ದುಡಿದರೆ ಸಿಗುತ್ತಿದ್ದದ್ದು ಇಂಥ ಒಂದೆರಡು ಪೆನ್ನಿ.

ಡರಮ್‌ನ ಒಂದು ಪೆನ್ನಿಯನ್ನು ಕೈಯಲ್ಲಿ ಹಿಡಿದಿದ್ದೀರಿ ಎಂದುಕೊಳ್ಳಿ. ಮುಂಬದಿಯಲ್ಲಿ ಕಿರೀಟ ಧರಿಸಿದ ರಾಜನ ಮುಖ. ಸುತ್ತ ಲ್ಯಾಟಿನ್‌ನಲ್ಲಿ ‘ಎಡ್ವರ್ಡ್, ಇಂಗ್ಲೆಂಡಿನ ರಾಜ, ಐರ್ಲೆಂಡಿನ ಒಡೆಯ’ ಎಂಬುದರ ಸಂಕ್ಷಿಪ್ತ ರೂಪ. ಹಿಂಬದಿಯಲ್ಲಿ ಅಂಚಿನವರೆಗೆ ಚಾಚಿದ ಉದ್ದ ಶಿಲುಬೆ, ಅದರ ನಾಲ್ಕು ಮೂಲೆಗೆ ಮೂರು ಮೂರು ಚುಕ್ಕೆ, ಸುತ್ತ ‘ಡರಮ್ ನಗರ’ ಎಂಬ ಬರಹ. ಬಿಷಪ್ ಎಲ್ಲಿ? ಮೊದಲ ನೋಟಕ್ಕೆ ಎಲ್ಲೂ ಇಲ್ಲ. ಆತನ ಹೆಸರಿಲ್ಲ, ಮುಖವಿಲ್ಲ. ಕಣ್ಣು ಕಿರಿದು ಮಾಡಿ ನೋಡಬೇಕು. 1283ರಿಂದ 1311ರವರೆಗೆ ಬಿಷಪ್ ಆಗಿದ್ದ ಆಂಟನಿ ಬೆಕ್‌ನ ನಾಣ್ಯದಲ್ಲಿ ಬರಹ ಆರಂಭವಾಗುವ ಕಡೆ ಇರುವ ಪುಟ್ಟ ಶಿಲುಬೆಯ ತುದಿಗಳು ಕವಲೊಡೆದಿವೆ. ಅದು ಆತನ ವಂಶಲಾಂಛನ. ಆತನ ನಂತರ ಬಂದ ರಿಚರ್ಡ್ ಕೆಲ್ಲೋ ಹಿಂಬದಿಯ ದೊಡ್ಡ ಶಿಲುಬೆಯ ಒಂದು ತೋಳಿನ ತುದಿಯನ್ನು ಬಾಗಿಸಿದ. ಹಾಗಾಗಿ ಅದು ಬಿಷಪರು ಹಿಡಿಯುವ, ಕುರುಬರ ಕೋಲಿನಂಥ ದಂಡವಾಯಿತು. 1318ರಲ್ಲಿ ಬಂದ ಲೂಯಿ ದ ಬೋಮಾಂಟ್ ಒಂದು ಸಿಂಹ ಮತ್ತು ಲಿಲಿ ಹೂವನ್ನು ಸೇರಿಸಿದ. ಯಾರ್ಕ್‌ನ ಆರ್ಚ್‌ಬಿಷಪ್‌ನ ಪೆನ್ನಿಯಲ್ಲಿ ಶಿಲುಬೆಯ ನಡುಮಧ್ಯೆ ನಾಲ್ಕೆಸಳಿನ ಪುಟ್ಟ ಹೂವು. ಎಲ್ಲವೂ ಜೋಳದ ಕಾಳಿಗಿಂತ ಚಿಕ್ಕ ಗುರುತುಗಳು.

ಅಚ್ಚುಗಳೂ ಬಿಷಪರ ಕೈಯಲ್ಲಿ ತಯಾರಾಗುತ್ತಿರಲಿಲ್ಲ. ಲಂಡನ್ನಿನಲ್ಲಿ ರಾಜನ ಅಚ್ಚುಗಾರರು ಕೊರೆದು ಕಳುಹಿಸುತ್ತಿದ್ದರು. ಸವೆದ ಅಚ್ಚು ಹಿಂತಿರುಗಿಸಿದರೇ ಹೊಸದು. ಕ್ಯಾಂಟರ್ಬರಿಯಲ್ಲಿ ಎಂಟು ಅಚ್ಚುಗಳು ಕೆಲಸ ಮಾಡಿದರೆ ಐದು ರಾಜನವು, ಮೂರು ಆರ್ಚ್‌ಬಿಷಪ್‌ನವು. ಯಾರ್ಕ್‌ನ ಆರ್ಚ್‌ಬಿಷಪ್‌ಗೆ ಎರಡೇ ಅಚ್ಚಿನ ಹಕ್ಕು. ಒಬ್ಬ ಬಿಷಪ್ ತೀರಿಕೊಂಡು ಇನ್ನೊಬ್ಬ ಬರುವವರೆಗೆ ಟಂಕಸಾಲೆಯ ಆದಾಯ ರಾಜನ ಬೊಕ್ಕಸಕ್ಕೆ.

ಇಷ್ಟು ಬಿಗಿ ಇದ್ದ ಮೇಲೆ ಬಿಷಪರಿಗೆ ಸಿಕ್ಕಿದ್ದೇನು? ವಾಣಿಜ್ಯ ವಿಭಾಗದವರು ಇಲ್ಲಿ ಕಿವಿಗೊಡಿ. ಸಿಕ್ಕಿದ್ದು ಲಾಭ. ಇಂಗ್ಲೆಂಡಿನ ಕುರಿ ಉಣ್ಣೆ ಸಮುದ್ರದಾಚೆ ಫ್ಲಾಂಡರ್ಸ್‌ನಲ್ಲಿ ಮಾರಾಟವಾಗಿ ಬೆಳ್ಳಿ ಬರುತ್ತಿತ್ತು. ಹೊರದೇಶದ ನಾಣ್ಯ ಇಂಗ್ಲೆಂಡಿನಲ್ಲಿ ಚಲಾವಣೆಯಾಗುವಂತಿಲ್ಲ. ವ್ಯಾಪಾರಿ ಅದನ್ನು ಟಂಕಸಾಲೆಗೆ ಕೊಟ್ಟು ಪೆನ್ನಿ ಮಾಡಿಸಿಕೊಳ್ಳಬೇಕು. ಅರ್ಥವಾಗಲೆಂದು ಒಂದು ಲೆಕ್ಕ ಹೇಳುತ್ತೇನೆ, ಇದು ಆಗಿನ ನಿಜವಾದ ದರವಲ್ಲ. ನೂರು ಪೆನ್ನಿ ಆಗುವಷ್ಟು ಬೆಳ್ಳಿ ತಂದವನಿಗೆ ತೊಂಬತ್ತೈದು ಪೆನ್ನಿ ಕೊಡುತ್ತಾರೆ. ಉಳಿದ ಐದರಲ್ಲಿ ಇದ್ದಿಲು, ಅಚ್ಚು, ಕೆಲಸಗಾರರ ಕೂಲಿ ಕಳೆದು ಮಿಕ್ಕಿದ್ದು ಟಂಕಸಾಲೆಯ ಒಡೆಯನಿಗೆ. ಡರಮ್‌ನಲ್ಲಿ ಆ ಒಡೆಯ ಬಿಷಪ್. ಹೀಗಾಗಿ ಒಂದೇ ಬಿಲ್ಲೆಯಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿದ್ದವು. ಹೆಸರಿನ ಹಕ್ಕು ರಾಜನದು, ಲಾಭದ ಹಕ್ಕು ಬಿಷಪರದು. ನಾನು ನಿಮಗೆ ಬರೆಸಿದ ವಾಕ್ಯದಲ್ಲಿ ಇವೆರಡೂ ಕಲಸಿಹೋಗಿದ್ದವು.

ಸುತ್ತಿಗೆಯ ನಾಣ್ಯದ ದೊಡ್ಡ ರೋಗವೆಂದರೆ ಅಂಚು. ಅಂಚು ಎಲ್ಲೂ ದುಂಡಾಗಿರುವುದಿಲ್ಲವಾದ್ದರಿಂದ ಕತ್ತರಿಯಿಂದ ಕೂದಲೆಳೆಯಷ್ಟು ಬೆಳ್ಳಿ ಕತ್ತರಿಸಿದರೆ ಯಾರಿಗೂ ಗೊತ್ತಾಗದು. ಹೀಗೆ ನೂರಾರು ನಾಣ್ಯಗಳ ಅಂಚು ಕೂಡಿಸಿದರೆ ಒಂದು ಗಟ್ಟಿ ಬೆಳ್ಳಿ. ಶಿಲುಬೆಯನ್ನು ಅಂಚಿನವರೆಗೆ ಉದ್ದ ಮಾಡಿದ್ದೂ ಇದನ್ನು ತಡೆಯಲೆಂದೇ. ಆದರೆ ಈ ಅಪರಾಧದ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. 1278ರ ನವೆಂಬರಿನಲ್ಲಿ ಒಂದನೆಯ ಎಡ್ವರ್ಡ್ ಇಂಗ್ಲೆಂಡಿನ ಯಹೂದಿಗಳನ್ನು ಅಂಚು ಕತ್ತರಿಸಿದ ಆರೋಪದ ಮೇಲೆ ನೂರಾರು ಸಂಖ್ಯೆಯಲ್ಲಿ ಬಂಧಿಸಿದ. ಕ್ರೈಸ್ತ ಅಕ್ಕಸಾಲಿಗರೂ ಸಿಕ್ಕಿಬಿದ್ದರು, ಆದರೆ ಅವರಲ್ಲಿ ಹೆಚ್ಚಿನವರು ದಂಡ ಕಟ್ಟಿ ಬಿಡಿಸಿಕೊಂಡರು. ನೇಣಿಗೆ ಹೋದವರಲ್ಲಿ ಬಹುಪಾಲು ಯಹೂದಿಗಳು, ಇನ್ನೂರಕ್ಕೂ ಹೆಚ್ಚು ಜನ. ಹನ್ನೆರಡು ವರ್ಷಗಳ ನಂತರ, 1290ರಲ್ಲಿ, ಉಳಿದವರನ್ನೂ ದೇಶದಿಂದ ಹೊರಹಾಕಲಾಯಿತು. 1279ರ ಆ ಸುಂದರ ಪೆನ್ನಿಯ ಚಿತ್ರ ಪುಸ್ತಕದಲ್ಲಿ ನೋಡುವಾಗಲೆಲ್ಲ ನನಗೆ ಅದರ ಹಿಂದಿನ ವರ್ಷ ನೆನಪಾಗುತ್ತದೆ.

ಜರ್ಮನಿಯ ಚಿತ್ರ ಬೇರೆಯೇ. ಅಲ್ಲಿ ಕಲೋನ್, ಮೈಂಜ್, ಟ್ರಿಯರ್ ಎಂಬ ಮೂರು ಊರುಗಳ ಆರ್ಚ್‌ಬಿಷಪರು ಸ್ವತಃ ರಾಜಕುಮಾರರು, ಚಕ್ರವರ್ತಿಯನ್ನು ಆರಿಸುವ ಏಳು ಮತದಾರರಲ್ಲಿ ಮೂವರು. 1356ರ ‘ಗೋಲ್ಡನ್ ಬುಲ್’ ಎಂಬ ಶಾಸನ ಅವರ ನಾಣ್ಯದ ಹಕ್ಕನ್ನು ಗಟ್ಟಿ ಮಾಡಿತು. 1386ರಲ್ಲಿ ಈ ಮೂವರೂ ರೈನ್ ನದಿಯ ಇನ್ನೊಬ್ಬ ಪ್ರಭುವಿನ ಜೊತೆ ಸೇರಿ ಒಂದೇ ತೂಕದ ಚಿನ್ನದ ಗುಲ್ಡನ್ ಹೊಡೆಸುವ ಒಪ್ಪಂದ ಮಾಡಿಕೊಂಡರು. ನಾಲ್ಕು ಸರಕಾರ, ಒಂದೇ ಅಳತೆಯ ನಾಣ್ಯ. ಈಗಿನ ಯೂರೋ ನೆನಪಿಗೆ ಬಂದರೆ ತಪ್ಪೇನಿಲ್ಲ. ಆ ನಾಣ್ಯಗಳ ಮೇಲೆ ಆರ್ಚ್‌ಬಿಷಪರ ಹೆಸರೇ ಇರುತ್ತಿತ್ತು, ಮೇಲೆ ಮುಚ್ಚುಮರೆಯ ಗುರುತು ಬೇಕಿರಲಿಲ್ಲ. ಆದರೆ ಧರ್ಮಗುರುಗಳೆಂದ ಮಾತ್ರಕ್ಕೆ ಚಿನ್ನ ಶುದ್ಧವಾಗಿ ಉಳಿಯಲಿಲ್ಲ. 23 ಕ್ಯಾರಟ್‌ನಲ್ಲಿ ಆರಂಭವಾದದ್ದು ಸುಮಾರು ನಲವತ್ತು ವರ್ಷಗಳಲ್ಲಿ 19ಕ್ಕೆ ಇಳಿಯಿತು.

ಮತ್ತೆ ಇಂಗ್ಲೆಂಡಿಗೆ, ಈ ಕಥೆಯ ನಿಜವಾದ ಪೆಟ್ಟು ಬಿದ್ದ ಕಡೆಗೆ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ವೂಲ್ಸಿ. ಸಾಮಾನ್ಯ ಮನೆಯಲ್ಲಿ ಹುಟ್ಟಿ 1514ರಲ್ಲಿ ಯಾರ್ಕ್‌ನ ಆರ್ಚ್‌ಬಿಷಪ್, 1515ರಲ್ಲಿ ಕಾರ್ಡಿನಲ್, ಅದೇ ವರ್ಷ ರಾಜ್ಯದ ಚಾನ್ಸೆಲರ್. 1523ರಿಂದ ಡರಮ್‌ನ ಬಿಷಪ್ ಪದವಿಯೂ ಆತನಿಗೇ. ಅಂದರೆ ಯಾರ್ಕ್, ಡರಮ್ ಎರಡೂ ಟಂಕಸಾಲೆಗಳ ಲಾಭ ಒಬ್ಬನಿಗೇ.

ಅಷ್ಟು ಹೊತ್ತಿಗೆ ಬಿಷಪರ ಪುಟ್ಟ ಗುರುತುಗಳು ಮೆಲ್ಲಗೆ ದೊಡ್ಡವಾಗಿದ್ದವು. ಹೆಸರಿನ ಮೊದಲಕ್ಷರ ಹಾಕುವುದು ರೂಢಿಯಾಗಿತ್ತು. ವೂಲ್ಸಿ ತನ್ನ ‘ಟಿ’ ಮತ್ತು ‘ಡಬ್ಲ್ಯು’ ಅಕ್ಷರಗಳ ಜೊತೆಗೆ ಕಾರ್ಡಿನಲ್‌ನ ಅಗಲ ಅಂಚಿನ, ಗೊಂಡೆಗಳಿರುವ ಟೋಪಿಯನ್ನೂ ಹಾಕಿಸಿದ. ಪೆನ್ನಿ ಮತ್ತು ಎರಡು ಪೆನ್ನಿ ಬೆಲೆಯ ಅರ್ಧ ಗ್ರೋಟ್‌ನ ಮೇಲೆ ಇದ್ದಾಗ ಯಾರೂ ಆಕ್ಷೇಪ ಎತ್ತಲಿಲ್ಲ. ಬಿಷಪರ ಟಂಕಸಾಲೆಗಳ ರೂಢಿಯ ಮಿತಿ ಅರ್ಧ ಗ್ರೋಟ್‌ವರೆಗೆ. ವೂಲ್ಸಿ ಯಾರ್ಕ್‌ನಲ್ಲಿ ನಾಲ್ಕು ಪೆನ್ನಿಯ ಪೂರ್ತಿ ಗ್ರೋಟ್ ಹೊಡೆಸಿ, ರಾಜನ ಲಾಂಛನದ ಕೆಳಗೆ ತನ್ನ ಟೋಪಿ ಇಟ್ಟ.

ಹೆನ್ರಿಗೆ ರಾಣಿ ಕ್ಯಾಥರಿನ್‌ಳಿಂದ ಬಿಡುಗಡೆ ಬೇಕಿತ್ತು, ವೂಲ್ಸಿ ಅದನ್ನು ಪೋಪ್‌ನಿಂದ ತಂದುಕೊಡಲಾರದೆ ಹೋದ. 1529ರ ಅಕ್ಟೋಬರಿನಲ್ಲಿ ಆತನ ಪದವಿ ಹೋಯಿತು. ಡಿಸೆಂಬರ್ 1ರಂದು ಪ್ರಭುಗಳು ಆತನ ಮೇಲೆ 44 ಆರೋಪಗಳ ಪಟ್ಟಿ ತಯಾರಿಸಿದರು. ಅದರಲ್ಲಿ ಒಂದು ಈ ಟೋಪಿಯ ಬಗ್ಗೆ. ಯಾರ್ಕ್‌ನ ಗ್ರೋಟ್‌ಗಳಲ್ಲಿ ರಾಜನ ಲಾಂಛನದ ಕೆಳಗೆ ಕಾರ್ಡಿನಲ್‌ನ ಟೋಪಿ ಒತ್ತಿಸಿದ್ದು ಸೊಕ್ಕಿನ ಕೆಲಸ, ಇದಕ್ಕೆ ಮೊದಲು ಈ ರಾಜ್ಯದ ಯಾವ ಪ್ರಜೆಯೂ ಹೀಗೆ ಮಾಡಿದ್ದಿಲ್ಲ ಎಂಬುದು ಅದರ ಸಾರ. ಲಾಭ ತಿಂದದ್ದರ ಬಗ್ಗೆ ಆ ಕಲಮಿನಲ್ಲಿ ಸೊಲ್ಲಿಲ್ಲ. ಮರುವರ್ಷ ನವೆಂಬರಿನಲ್ಲಿ ಆತನನ್ನು ಬಂಧಿಸಿ ಲಂಡನ್ನಿಗೆ ಕರೆತರುವಾಗ ದಾರಿಯಲ್ಲಿ ಲೆಸ್ಟರ್‌ನಲ್ಲಿ ತೀರಿಕೊಂಡ. ಟೋಪಿಯಿಂದಲೇ ಆತ ಬಿದ್ದ ಎಂದು ಬರೆದರೆ ಅತಿಶಯ. ಆತ ಬೀಳುವುದು ನಿಶ್ಚಯವಾದ ಮೇಲೆ ಟೋಪಿ ನೆನಪಾಯಿತು, ಅಷ್ಟೇ. ಆದರೂ ಹುಡುಕಿದಾಗ ಕೈಗೆ ಸಿಕ್ಕ ಆರೋಪ ಇದು ಎಂಬುದನ್ನು ಗಮನಿಸಿ.

ಇನ್ನೊಂದು ವ್ಯಂಗ್ಯ. 1540ರ ದಶಕದ ನಡುವಿನ ಹೊತ್ತಿಗೆ ಬಿಷಪರ ಟಂಕಸಾಲೆಗಳೆಲ್ಲ ಮುಚ್ಚಿದವು, ನಾಣ್ಯ ಪೂರ್ತಿ ರಾಜನದಾಯಿತು. ಅದೇ ವರ್ಷಗಳಲ್ಲಿ ಹೆನ್ರಿ ಬೆಳ್ಳಿಗೆ ತಾಮ್ರ ಬೆರೆಸುತ್ತಾ ಹೋದ. 1546ರಲ್ಲಿ ನಾಣ್ಯದಲ್ಲಿ ಬೆಳ್ಳಿ ಉಳಿದದ್ದು ಮೂರನೇ ಒಂದು ಪಾಲು. ಮೇಲಿನ ಬೆಳ್ಳಿ ಸವೆದಾಗ ರಾಜನ ಉಬ್ಬಿದ ಮೂಗಿನಲ್ಲಿ ಮೊದಲು ತಾಮ್ರ ಇಣುಕುತ್ತಿತ್ತು. ಜನ ಅವನಿಗೆ ‘ತಾಮ್ರದ ಮೂಗಿನವ’ ಎಂದು ಹೆಸರಿಟ್ಟರು. ಮುಹಮ್ಮದ್ ಬಿನ್ ತುಘಲಕ್‌ನ ತಾಮ್ರದ ನಾಣ್ಯವನ್ನು ಹುಚ್ಚಾಟ ಎಂದು ಬರೆಯುವ ಉತ್ತರಪತ್ರಿಕೆಗಳನ್ನು ತಿದ್ದುವಾಗ ನನಗೆ ಈ ಹೆನ್ರಿ ನೆನಪಾಗುತ್ತಾನೆ.

ಕೊನೆಗೆ ಇಟ್ಟುಕೊಂಡ ಪ್ರಸಂಗ ಕಾಲದಲ್ಲಿ ಇವೆಲ್ಲಕ್ಕಿಂತ ಹಿಂದಿನದು. ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ, ಮೋಂಪೆಲಿಯೆ ಪಟ್ಟಣದ ಹತ್ತಿರ, ಮಾಗಲೋನ್ ಎಂಬ ಬಿಷಪ್ ಪೀಠವಿತ್ತು. 1215ರಿಂದ ಅಲ್ಲಿಯ ಬಿಷಪ್ ಸುತ್ತಲ ಪ್ರಾಂತ್ಯದ ಒಡೆಯನೂ ಹೌದು. ಅಲ್ಲಿಯ ವ್ಯಾಪಾರ ಸಮುದ್ರದಾಚೆಯ ಉತ್ತರ ಆಫ್ರಿಕಾದೊಂದಿಗೂ ಇತ್ತು. ಆ ಕಡೆ ಆಗ ಅಲ್‌ಮೊಹದ್ ಖಲೀಫರ ಬೆಳ್ಳಿಯ ದಿರ್ಹಮ್ ನಡೆಯುತ್ತಿತ್ತು. ಚೌಕಾಕಾರದ ನಾಣ್ಯ. ಚಿತ್ರವಿಲ್ಲ, ಇಸವಿಯಿಲ್ಲ, ದೊರೆಯ ಹೆಸರಿಲ್ಲ. ಒಂದು ಬದಿಯಲ್ಲಿ ಅಲ್ಲಾಹನ ಹೊರತು ಆರಾಧ್ಯರಿಲ್ಲ ಎಂಬ ಬರಹ, ಇನ್ನೊಂದು ಬದಿಯಲ್ಲಿ ಪ್ರವಾದಿ ಮುಹಮ್ಮದ್ (ಸ) ಅವರ ಹೆಸರು ಮತ್ತು ಅಲ್‌ಮೊಹದರ ಮಹ್ದಿಯ ಉಲ್ಲೇಖ. ಆಫ್ರಿಕಾದ ವ್ಯಾಪಾರಿಗೆ ಬೇಕಿದ್ದದ್ದು ಇದೇ ನಾಣ್ಯ, ಶಿಲುಬೆಯ ನಾಣ್ಯವಲ್ಲ. ಹಾಗಾಗಿ ಮಾಗಲೋನಿನ ಬಿಷಪ್ ತನ್ನ ಪ್ರಾಂತ್ಯದಲ್ಲಿ ಅದರದೇ ಪಡಿಯಚ್ಚು ಹೊಡೆಸಲು ಬಿಟ್ಟು, ಪಾಲು ಪಡೆದ. ಈ ನಾಣ್ಯಕ್ಕೆ ಅಲ್ಲಿ ‘ಮಿಲ್ಲಾರೆಸ್’ ಎಂಬ ಹೆಸರಿತ್ತು. 1266ರಲ್ಲಿ ಪೋಪ್ ನಾಲ್ಕನೆಯ ಕ್ಲೆಮೆಂಟ್‌ಗೆ ವಿಷಯ ಮುಟ್ಟಿ, ಇಸ್ಲಾಮಿನ ಪ್ರವಾದಿಯ ಹೆಸರಿನಲ್ಲಿ ಕ್ರೈಸ್ತ ಬಿಷಪ್ ನಾಣ್ಯ ಹೊಡೆಸುವುದೇ ಎಂದು ಕಟುವಾಗಿ ಪತ್ರ ಬರೆದ. ಫ್ರಾನ್ಸಿನ ರಾಜ ಒಂಬತ್ತನೆಯ ಲೂಯಿ ಕೂಡ ತನ್ನ ತಮ್ಮನಿಗೆ ಇಂಥ ನಾಣ್ಯ ನಿಲ್ಲಿಸಲು ಹೇಳಬೇಕಾಯಿತು. ಆ ಲೂಯಿ ಮುಸ್ಲಿಮರ ವಿರುದ್ಧ ಎರಡು ಕ್ರುಸೇಡ್‌ಗಳನ್ನು ನಡೆಸಿದವನು. ಆತನ ಮನೆಯೊಳಗೇ ಹೀಗೆ.

ಇದನ್ನು ಓದಿ ಯಾರನ್ನೂ ಗೇಲಿ ಮಾಡುವ ಅಗತ್ಯವಿಲ್ಲ, ನಮ್ಮ ನೆಲದಲ್ಲೂ ಇದೇ ನಡೆದಿದೆ. ಮುಹಮ್ಮದ್ ಘೋರಿಯ ಚಿನ್ನದ ನಾಣ್ಯದಲ್ಲಿ ಕುಳಿತ ಲಕ್ಷ್ಮಿಯ ಚಿತ್ರವಿದೆ. ಹೈದರ್ ಅಲಿ 1763ರಲ್ಲಿ ಬಿದನೂರನ್ನು ಗೆದ್ದಾಗ ಇಕ್ಕೇರಿ ನಾಯಕರ ವರಾಹ ಈ ಭಾಗದ ಸಂತೆ, ಬಂದರುಗಳಲ್ಲೆಲ್ಲ ಓಡುತ್ತಿತ್ತು. ಹೈದರ್ ಮುಂಬದಿಯ ಶಿವ ಪಾರ್ವತಿಯರನ್ನು ಹಾಗೇ ಬಿಟ್ಟು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಒಂದನ್ನು ಮಾತ್ರ ಹಾಕಿಸಿದರು. ಅದೂ ಅಚ್ಚು, ಸುತ್ತಿಗೆಗಳ ನಾಣ್ಯವೇ. ಚಿನಿವಾರನ ಅಂಗಡಿಯಲ್ಲಿ ನಾಣ್ಯ ಕೊಟ್ಟಾಗ ಅವನು ಕಣ್ಣು ಮುಚ್ಚಿ ತೆಗೆದುಕೊಳ್ಳಬೇಕಾದರೆ ಅದು ಹಳೆಯದರಂತೆಯೇ ಕಾಣಬೇಕು.

ಈಗ ಹಿಂದಿನ ಬೆಂಚಿನ ಪ್ರಶ್ನೆಗೆ ಬರುತ್ತೇನೆ. ಬಿಷಪರೂ ದೊರೆಗಳಾ? ಕಲೋನ್‌ನಲ್ಲಿ ಹೌದು. ಡರಮ್‌ನಲ್ಲಿ ಅರ್ಧ ಹೌದು. ಮಾಗಲೋನ್‌ನ ನಾಣ್ಯ ನೋಡಿ ಅದನ್ನು ಹೇಳಲೇ ಬರುವುದಿಲ್ಲ. ನೀವು ಪರೀಕ್ಷೆಯಲ್ಲಿ ಸಿಕ್ಕಾ, ಖುತ್ಬಾ ಎಂದೇ ಬರೆಯಿರಿ, ಅಂಕ ಅದಕ್ಕೇ ಇದೆ. ನೋಟ್ಸ್‌ನಲ್ಲಿ ಮಾತ್ರ ‘ಅವನೇ ದೊರೆ’ ಎಂಬ ನನ್ನ ವಾಕ್ಯವನ್ನು ಹೊಡೆದುಹಾಕಿ, ‘ಆ ಹೆಸರನ್ನು ಸಂತೆ ಒಪ್ಪುತ್ತಿತ್ತು’ ಎಂದು ತಿದ್ದಿಕೊಳ್ಳಿ. ಮುಂದಿನ ಸೋಮವಾರ ಹೈದರ್ ವರಾಹದ ದೊಡ್ಡ ಚಿತ್ರವನ್ನು ತರಗತಿಗೆ ತರುತ್ತೇನೆ. ಹಿಂಬದಿಯ ಅಕ್ಷರ ಓದಿ ಹೇಳುವ ಕೆಲಸ ಅರೇಬಿಕ್ ಮತ್ತು ಉರ್ದು ತೆಗೆದುಕೊಂಡವರದು.